ತಂಬಾಕು ಕಾನೂನು ಬಿಗಿಯಾಗಲಿ: ನಮ್ಮ ಅಭಿಯಾನದ ಬಗ್ಗೆ ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷಗಳಿಂದ ನಾವೊಂದಿಷ್ಟು ಜನ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ ಎಂದು ಸಹಿ ಪುಸ್ತಕ ಹಿಡಿದು ತಿರುಗುತ್ತಿದ್ದೇವೆ. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟವರಿದ್ದಾರೆ, ಗೇಟಿನಿಂದಲೇ ವಾಪಸು ಕಳಿಸಿದವರೂ ಇದ್ದಾರೆ. ಪ್ರಶ್ನೆಗಳು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹೊಸದಾಗಿ ಸೇರುವವರಿಗೆ ಅನುಕೂಲವಾಗಲಿ ಎಂದು ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಬೀಡಿ ಕಟ್ಟುವ ಮನೆಯಲ್ಲಿ ಹುಟ್ಟಿದವಳು. ಉತ್ತರಗಳಲ್ಲಿ ಆ ಪಕ್ಷಪಾತ ಕಂಡರೆ ಕಾಣಲಿ, ಮುಚ್ಚಿಡುವ ಉದ್ದೇಶ ಇಲ್ಲ.

ಕಾನೂನು ಈಗಾಗಲೇ ಇದೆಯಲ್ಲ, ಇನ್ನೇನು ಬೇಕು?

ಇದೆ. 2003ರ ಕಾಯಿದೆ. ಅದರ ಉದ್ದದ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ, ಪೊಲೀಸರಿಂದ ಹಿಡಿದು ಅಂಗಡಿಯವರ ತನಕ ಎಲ್ಲರ ಬಾಯಲ್ಲೂ ಅದು ಕೋಟ್ಪಾ. ಅದರ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ತಡೆಯುತ್ತದೆ. 5ನೆಯದು ಜಾಹೀರಾತನ್ನು ತಡೆಯುತ್ತದೆ. 6ನೆಯದರ ಪ್ರಕಾರ ಹದಿನೆಂಟು ತುಂಬದವರಿಗೆ ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಗಜದೊಳಗೂ ಮಾರುವಂತಿಲ್ಲ. 7ನೆಯದು ಪ್ಯಾಕೆಟ್ ಮೇಲಿನ ಎಚ್ಚರಿಕೆಗೆ ಸಂಬಂಧಿಸಿದ್ದು.

ಓದಲು ಚೆನ್ನಾಗಿಯೇ ಇದೆ. ತೂತು ಹುಡುಕಲು ಹೊರಟರೆ ಅವೂ ಸಿಗುತ್ತವೆ. ಮೂವತ್ತು ಕೋಣೆಯ ಹೋಟೆಲಿನಲ್ಲಿ, ಮೂವತ್ತು ಜನ ಕೂರುವ ರೆಸ್ಟೋರೆಂಟಿನಲ್ಲಿ, ವಿಮಾನ ನಿಲ್ದಾಣದಲ್ಲಿ ಸೇದಲು ಪ್ರತ್ಯೇಕ ಜಾಗ ಮಾಡಿಕೊಳ್ಳಬಹುದು. ಮಾರುವ ಅಂಗಡಿಯ ಬಾಗಿಲಲ್ಲಿ ಜಾಹೀರಾತಿನ ಬೋರ್ಡು ಹಾಕಬಹುದು. ಪ್ಯಾಕೆಟ್ ಒಡೆದು ಒಂದೊಂದೇ ಸಿಗರೇಟು ಮಾರುವುದಕ್ಕೆ ಕೇಂದ್ರ ಕಾಯಿದೆಯಲ್ಲಿ ತಡೆ ಇಲ್ಲ. ಹೀಗಾಗಿ ಕಾಲೇಜು ಹುಡುಗ ಪ್ಯಾಕೆಟ್ಟನ್ನೇ ನೋಡುವುದಿಲ್ಲ, ಅದರ ಮೇಲಿನ ಕೊಳೆತ ಬಾಯಿಯ ಚಿತ್ರವನ್ನೂ ನೋಡುವುದಿಲ್ಲ. ಅವನಿಗೆ ಕಾಣುವುದು ನೂಲಿಗೆ ಕಟ್ಟಿ ನೇತುಹಾಕಿದ ಲೈಟರು ಮಾತ್ರ. ಇನ್ನು ದಂಡ: 2003ರಲ್ಲಿ ಗರಿಷ್ಠ 200 ರೂಪಾಯಿ ಎಂದು ಬರೆದರು. ಅಲ್ಲಿಂದ ಇಲ್ಲಿಗೆ ಅಕ್ಕಿಯ ಬೆಲೆ ಎಷ್ಟಾಯಿತು, ಬಸ್ಸಿನ ಚಾರ್ಜು ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ. ದಂಡ ಕಾಲು ಮುರಿದುಕೊಂಡವರ ಹಾಗೆ ಕೂತಲ್ಲೇ ಕೂತಿದೆ.

ಕೇಂದ್ರ ಆರೋಗ್ಯ ಸಚಿವಾಲಯಕ್ಕೂ ಇದು ಗೊತ್ತಿದೆ. 2020ರ ಕೊನೆಯಲ್ಲಿ ಅದು ಒಂದು ತಿದ್ದುಪಡಿ ಕರಡು ಹೊರಡಿಸಿತು. ಮಾರಾಟದ ವಯಸ್ಸು 21, ಪ್ಯಾಕೆಟ್ ಒಡೆದು ಬಿಡಿಬಿಡಿಯಾಗಿ ಮಾರುವುದಕ್ಕೆ ತಡೆ, ಹೋಟೆಲಿನ ಹೊಗೆ ಕೋಣೆಗಳಿಗೆ ಬೀಗ, ದಂಡ 2,000. ಜನರ ಅಭಿಪ್ರಾಯವನ್ನೂ ಕೇಳಿತು. ಆಮೇಲೆ ಆ ಕಾಗದ ಕಾಯಿದೆಯಾಗಲಿಲ್ಲ. ಅದನ್ನು ಮತ್ತೆ ಮೇಜಿನ ಮೇಲೆ ತರಿಸುವುದೇ ನಮ್ಮ ಕೆಲಸ.

ಎಂತ ಮಾರಾಯ್ರೆ, ಕಾಸರಗೋಡಿನಲ್ಲಿ ಕೂತು ದೆಹಲಿಯ ಕಾನೂನು ಬದಲಿಸ್ಲಿಕ್ಕೆ ಆಗ್ತದಾ?

ಈ ಪ್ರಶ್ನೆಯನ್ನು ಬೇರೆ ಜಿಲ್ಲೆಯವರು ಕೇಳಿದರೆ ಅರ್ಥವಾಗುತ್ತದೆ. ನಾವು ಕೇಳಬಾರದು. ಎಂಡೋಸಲ್ಫಾನ್ ನೆನಪಿದೆಯಲ್ಲ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ಎಣ್ಮಕಜೆಯ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವ ರೋಗಿಗಳನ್ನು ನೋಡಿ ಇದೇನೋ ಸರಿಯಿಲ್ಲ ಎಂದು ಬರೆಯತೊಡಗಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ನಮ್ಮ ಜಿಲ್ಲೆಯದ್ದೇ ಆದ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತಿದರು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಆ ವಿಷವನ್ನು ಜಗತ್ತಿನಿಂದಲೇ ತೆಗೆಯುವ ಪಟ್ಟಿಗೆ ಸೇರಿಸಿದರು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಒಂದು ಹಳ್ಳಿ ಕ್ಲಿನಿಕ್ಕಿನ ಟಿಪ್ಪಣಿಯಿಂದ ಜಿನೀವಾ ತನಕ ಹೋದ ದಾರಿ ಅದು. ಪರಿಹಾರದ ವಿಷಯದಲ್ಲಿ ಆ ವಿಷಕ್ಕೆ ತುತ್ತಾದ ಮಕ್ಕಳ ತಾಯಂದಿರು ಪಟ್ಟ ಪಾಡು ಬೇರೆಯೇ ಕತೆ, ಅದನ್ನು ಇಲ್ಲಿ ಬರೆದರೆ ಈ ಪುಟ ಸಾಲದು.

ತಂಬಾಕಿನ ವಿಷಯದಲ್ಲೂ ಕೇರಳ ಹಿಂದೆ ದಾರಿ ತೋರಿಸಿದೆ. ರೈಲಿನಲ್ಲಿ, ಬಸ್ಸಿನಲ್ಲಿ ಪಕ್ಕದವರ ಹೊಗೆ ಕುಡಿದು ಬೇಸತ್ತ ಪ್ರಾಧ್ಯಾಪಕಿ ಮೋನಮ್ಮ ಕೊಕ್ಕಾಡ್ ಕೋರ್ಟಿಗೆ ಹೋದವರಲ್ಲಿ ಒಬ್ಬರು. 1999ರ ಜುಲೈ 12ರಂದು ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಇನ್ನೊಬ್ಬರ ಬದುಕುವ ಹಕ್ಕಿಗೆ ಧಕ್ಕೆ ಎಂದು ತೀರ್ಪು ಕೊಟ್ಟಿತು. ಎರಡು ವರ್ಷ ಕಳೆದು, 2001ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅದೇ ಮಾತು ಹೇಳಿತು. ಅದಾಗಿ ಎರಡು ವರ್ಷಕ್ಕೆ ಕೋಟ್ಪಾ ಬಂತು.

ತಲಪಾಡಿ ಗಡಿ ದಾಟಿದರೆ ದಂಡ ಬೇರೆ ಅಂತಾರೆ. ಹೌದಾ?

ಹೌದು, ಮತ್ತು ನಮ್ಮ ಕೈಯಲ್ಲಿರುವ ಅತಿ ಒಳ್ಳೆಯ ವಾದವೂ ಇದೇ. ಕರ್ನಾಟಕ 2024ರಲ್ಲಿ ಕೋಟ್ಪಾಕ್ಕೆ ತನ್ನದೇ ತಿದ್ದುಪಡಿ ಮಾಡಿಕೊಂಡಿತು. 2025ರ ಮೇಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಜಾರಿಗೆ ಬಂತು. ಆಚೆ ಮಾರಾಟದ ವಯಸ್ಸು 21, ದಂಡ 1,000 ರೂಪಾಯಿ ತನಕ, ಹುಕ್ಕಾ ಬಾರ್ ನಡೆಸಿದರೆ ಜೈಲು. ಈಚೆ ವಯಸ್ಸು 18, ದಂಡ 200.

ಒಮ್ಮೆ ತಲಪಾಡಿಯಲ್ಲಿ ಬಸ್ಸಿಗೆ ಕಾಯುತ್ತಾ ನಾನಿದನ್ನು ಕಣ್ಣಾರೆ ಕಂಡೆ. ಮಂಗಳೂರು ಕಾಲೇಜಿನ ಬ್ಯಾಗು ಹೆಗಲಿಗೆ ಹಾಕಿದ್ದ ಹುಡುಗನೊಬ್ಬ ಬಸ್ಸಿಳಿದು, ನಡೆದುಕೊಂಡೇ ಗಡಿ ದಾಟಿ, ಈಚೆಯ ಗೂಡಂಗಡಿಯಲ್ಲಿ ಎರಡು ಸಿಗರೇಟು ತೆಗೆದುಕೊಂಡ. ಒಂದನ್ನು ಅಲ್ಲೇ ಹಚ್ಚಿದ, ಇನ್ನೊಂದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಅವನ ವಯಸ್ಸು ಹತ್ತೊಂಬತ್ತಿರಬಹುದು. ಆಚೆ ಅವನಿಗೆ ಮಾರಿದರೆ ಅಪರಾಧ, ಈಚೆ ವ್ಯಾಪಾರ. ಎರಡು ನಿಮಿಷದ ನಡಿಗೆ. ಆ ಅಂಗಡಿಯವನನ್ನು ಬೈದು ಏನು ಮಾಡುವುದು, ಅವನು ನಮ್ಮ ಕಡೆಯ ಕಾನೂನು ಮುರಿದಿರಲಿಲ್ಲ. ಹಚ್ಚಿದವನ ಮಾತು ಬೇರೆ. ಬಸ್ ಸ್ಟ್ಯಾಂಡಿನ ಹತ್ತಿರ ಸೇದುವುದನ್ನು ಎರಡೂ ಕಾನೂನು ಒಪ್ಪುವುದಿಲ್ಲ.

ಹಾಗಾದರೆ ಕೇರಳಕ್ಕೆ ಮಾತ್ರ ತಿದ್ದುಪಡಿ ಕೇಳಿ. ಇಡೀ ದೇಶದ ಗೊಡವೆ ಯಾಕೆ?

ಕೇರಳಕ್ಕೂ ಕೇಳುತ್ತಿದ್ದೇವೆ. ಆದರೆ ಕೇಂದ್ರದ ಕಾಯಿದೆಗೆ ವಿರುದ್ಧ ಹೋಗುವ ರಾಜ್ಯ ತಿದ್ದುಪಡಿ ನಿಲ್ಲಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ವಿಧಾನಸಭೆಯಲ್ಲಿ ಪಾಸಾದ ಮೇಲೂ ಕರ್ನಾಟಕ ಒಂದು ವರ್ಷಕ್ಕೂ ಹೆಚ್ಚು ಕಾಯಿತು. ಒಂದೊಂದು ರಾಜ್ಯವೂ ಹೀಗೆ ಸಾಲಿನಲ್ಲಿ ನಿಂತರೆ ಗಡಿಗಳಲ್ಲಿ ತಲಪಾಡಿಗಳ ಸಂಖ್ಯೆ ಹೆಚ್ಚುತ್ತದೆ ಅಷ್ಟೇ. ನಿಪ್ಪಾಣಿಯ ಆಚೆ ಕೊಲ್ಲಾಪುರ, ತಾಳವಾಡಿಯ ಪಕ್ಕ ಚಾಮರಾಜನಗರ, ರಾಯಚೂರಿನ ಆಚೆ ಮಂತ್ರಾಲಯ. ಗಡಿಯಲ್ಲಿ ಬದುಕುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಪೆಟ್ರೋಲು ಎಲ್ಲಿ ಅಗ್ಗ ಎಂದು ನೋಡಿ ಗಾಡಿ ತಿರುಗಿಸುವವರು ನಾವು.

ಬೀಡಿ ಕಟ್ಟಿ ಬದುಕುವವರ ಹೊಟ್ಟೆ ಮೇಲೆ ಹೊಡೆಯುವುದು ಸರಿಯಾ?

ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವವರನ್ನು ನಂಬಬೇಡಿ, ನಮ್ಮ ಗುಂಪಿನವರಾದರೂ ಸರಿ.

ಉಪ್ಪಳದ ಹತ್ತಿರ ನಮ್ಮ ಮನೆ. ನನಗೆ ಬುದ್ಧಿ ತಿಳಿದಾಗಿನಿಂದ ಅಮ್ಮನ ಮಡಿಲಲ್ಲಿ ಒಂದು ಮೊರ. ಹಿಂದಿನ ರಾತ್ರಿಯೇ ಎಲೆಗೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಕತ್ತರಿಸುವಾಗ ಸೀಳುತ್ತದೆ. ತಗಡಿನ ಅಳತೆ ಇಟ್ಟು ಕತ್ತರಿ ಆಡಿಸಬೇಕು, ಚಿಟಿಕೆ ಹೊಗೆಸೊಪ್ಪಿನ ಪುಡಿಯನ್ನು ಉದ್ದಕ್ಕೆ ಹರಡಬೇಕು, ಬೆರಳ ತುದಿಯಲ್ಲಿ ಸುರುಳಿ ಮಾಡಿ, ಬಾಯಿ ಮಡಚಿ, ನೂಲು ಸುತ್ತಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕೂತವನು ಹಿಡಿ ಹಿಡಿಯಾಗಿ ತೆಗೆದು ನೋಡಿ, ತೆಳ್ಳಗಾಯಿತು, ಬಾಯಿ ಸರಿಯಿಲ್ಲ ಎಂದು ಒಂದಿಷ್ಟನ್ನು ಬದಿಗೆ ಎಸೆಯುತ್ತಿದ್ದ. ಎಸೆದದ್ದಕ್ಕೆ ಕೂಲಿ ಇಲ್ಲ. ಅದಕ್ಕೆ ಹೋದ ಎಲೆಯ ಲೆಕ್ಕ ಮಾತ್ರ ಅಮ್ಮನ ತಲೆಗೆ. ಎಲೆ ಕಡಿಮೆ ಬಿದ್ದರೆ ನಾವೇ ದುಡ್ಡು ಕೊಟ್ಟು ತರಬೇಕು. ನಾನು ಹತ್ತನೇ ಕ್ಲಾಸು ತಲುಪಿದ್ದು ಆ ನೂಲು ಹಿಡಿದುಕೊಂಡೇ. ಅಮ್ಮನ ಸೊಂಟ ನೇರವಾಗದೇ ಹೋದದ್ದೂ ಅದರಿಂದಲೇ. ಮಳೆಗಾಲದಲ್ಲಿ ಬಾಗಿಲು ಹಾಕಿ ಕಟ್ಟುವಾಗ ಹೊಗೆಸೊಪ್ಪಿನ ಘಾಟಿಗೆ ತೊಟ್ಟಿಲಲ್ಲಿದ್ದ ತಮ್ಮ ಸೀನುತ್ತಿದ್ದದ್ದು ನನಗೆ ಈಗಲೂ ಕೇಳಿಸುತ್ತದೆ.

ಆದ್ದರಿಂದ ಯಾರಾದರೂ ‘ಬೀಡಿ ಕಾರ್ಮಿಕರನ್ನು ಉಳಿಸಿ’ ಎಂದು ಬ್ಯಾನರ್ ಹಿಡಿದಾಗ ಅದರ ಖರ್ಚು ಯಾರದ್ದು ಎಂದು ನಾನು ಮೊದಲು ನೋಡುತ್ತೇನೆ. ಜಿಎಸ್‌ಟಿ ಬಂದಾಗಿನಿಂದ ಸಿಗರೇಟಿಗೆ ಸೆಸ್ ಇತ್ತು, ಬೀಡಿಗೆ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಕಾರಣವಾಗಿ ಹೇಳಿದ್ದು ಕಟ್ಟುವವರ ಹೆಸರನ್ನು. ನಮ್ಮ ಓಣಿಯ ಹೆಂಗಸರನ್ನು ಕೇಳಿದೆ, ಸಾವಿರ ಬೀಡಿಗೆ ಕೂಲಿ ಎಷ್ಟು ಹೆಚ್ಚು ಸಿಕ್ಕಿತು ಎಂದು. ನಕ್ಕರು. ಅದೇ 2017ರಲ್ಲಿ ಜಿಎಸ್‌ಟಿ ಬರುವಾಗ ಬೀಡಿ ಮೇಲಿನ ಕಲ್ಯಾಣ ಸೆಸ್ಸು ರದ್ದಾಯಿತು. ಬೀಡಿ ಕಾರ್ಮಿಕರ ಮಕ್ಕಳ ಸ್ಕಾಲರ್‌ಶಿಪ್ಪು, ಔಷಧಾಲಯ, ಮನೆ ಕಟ್ಟಲು ಸಹಾಯ ಎಲ್ಲ ನಡೆಯುತ್ತಿದ್ದದ್ದು ಆ 1976ರ ಸೆಸ್ಸಿನಿಂದ. ಆಗ ಬ್ಯಾನರು ಹಿಡಿದವರು ನನಗೆ ಕಾಣಲಿಲ್ಲ.

ಇನ್ನೊಂದು ಕತೆ ನಮ್ಮ ಪಕ್ಕದ ಜಿಲ್ಲೆಯದ್ದು. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಜಾರಿ ಮಾಡಲು ಹೊರಟಾಗ ಮಂಗಳೂರು ಮೂಲದ ಮಾಲೀಕರು ಕಣ್ಣೂರಿನ ಕೆಲಸವನ್ನೇ ನಿಲ್ಲಿಸಿದರು. ಹನ್ನೆರಡು ಸಾವಿರದಷ್ಟು ಜನ ಬೀದಿಗೆ ಬಿದ್ದರು. ಅವರೇ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಬೀಡಿಗೆ ಬೇಡಿಕೆ ಕುಸಿಯತೊಡಗಿದಾಗ ಆ ಸಂಘ ಸುಮ್ಮನೆ ಕೂರಲಿಲ್ಲ. ಕೊಡೆ ಮಾಡಿತು, ತಿಂಡಿ ತಿನಿಸು ಮಾಡಿತು, ಬಟ್ಟೆ ಹೊಲಿಯಿತು, ಸಾಫ್ಟ್‌ವೇರಿಗೂ ಕೈ ಹಾಕಿತು. ಎಲ್ಲರಿಗೂ ಕೆಲಸ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಆದರೆ ಬೀಡಿ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುವವರಿಗೆ ಕಾಞಂಗಾಡಿನ ಅಂಗಡಿಯಲ್ಲಿ ದಿನೇಶ್ ಕೊಡೆ ತೋರಿಸಬಹುದು.

ನಮ್ಮ ಬೇಡಿಕೆ ಪತ್ರದಲ್ಲಿ ಈ ಕಾರಣಕ್ಕೆ ಎರಡು ಭಾಗ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಡಂಬಡಿಕೆಗೆ ಭಾರತ 2004ರಲ್ಲಿ ಒಪ್ಪಿಗೆ ಹಾಕಿದೆ. ಅದರ 17ನೇ ವಿಧಿ ತಂಬಾಕು ಕಾರ್ಮಿಕರಿಗೂ ಬೆಳೆಗಾರರಿಗೂ ಬೇರೆ ಜೀವನೋಪಾಯಕ್ಕೆ ನೆರವಾಗಲು ಸರಕಾರಗಳಿಗೆ ಹೇಳುತ್ತದೆ. ತೆರಿಗೆ ಏರಿಸಿ, ಏರಿಸಿದ ಹಣದಲ್ಲಿ ಒಂದು ಪಾಲನ್ನು ಬೀಡಿ ಕಟ್ಟುವ ಹೆಂಗಸರ ಹೆಸರಿಗೆ ಎತ್ತಿಡಿ, ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸ್ವಸಹಾಯ ಯೋಜನೆಯ ಘಟಕಗಳ ಮೂಲಕ ಬೇರೆ ಕೆಲಸ ಕೊಡಿ. ಎರಡನೇ ಭಾಗ ಬಿಟ್ಟು ಮೊದಲನೆಯದಕ್ಕೆ ಮಾತ್ರ ಸಹಿ ಹಾಕಿಸಲು ಯಾರಾದರೂ ಬಂದರೆ ನನ್ನ ಮನೆಗೆ ಕಳಿಸಿ, ಅಮ್ಮನೇ ಮಾತಾಡುತ್ತಾರೆ.

ನಾಳೆ ಅಡಿಕೆಗೂ ಕುತ್ತು ಬರುತ್ತದಲ್ಲ?

ಬದಿಯಡ್ಕದಿಂದ ಮುಳ್ಳೇರಿಯಾ ತನಕ ಯಾವ ಮನೆಗೆ ಹೋದರೂ ಅಂಗಳದಲ್ಲಿ ಒಣ ಹಾಕಿದ ಅಡಿಕೆಯನ್ನು ಬಳಸಿಕೊಂಡು ನಡೆಯಬೇಕು. ಆದ್ದರಿಂದ ಈ ಭಯ ಅರ್ಥವಾಗುತ್ತದೆ. ನಮ್ಮ ಬೇಡಿಕೆಯಲ್ಲಿ ಅಡಿಕೆ ಇಲ್ಲ, ಕೋಟ್ಪಾದಲ್ಲಿ ತಂಬಾಕು ಬೆರೆತ ಉತ್ಪನ್ನಗಳಷ್ಟೇ ಬರುತ್ತವೆ. ಅಷ್ಟು ಹೇಳಿ ಎದ್ದು ಬಂದರೆ ನಾವು ಅರ್ಧ ಸತ್ಯ ಹೇಳಿದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದೇ ಸೇರಿಸಿದೆ. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ಆ ಜಗಳ ನಮ್ಮ ಜಗಳ ಅಲ್ಲ. ಆದರೆ ಯಾರಾದರೂ ನೇರವಾಗಿ ಕೇಳಿದರೆ ವರದಿ ಇದೆ ಎಂದು ಹೇಳಿಬಿಡಿ. ಒಮ್ಮೆ ನಮ್ಮ ಕಾರ್ಯಕರ್ತನೊಬ್ಬ ‘ಅಡಿಕೆಯಲ್ಲಿ ದೋಷವೇ ಇಲ್ಲ, ಔಷಧಿ’ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿಕೊಂಡ. ಮುಂದಿನ ವಾರ ಅದೇ ಊರಿನ ಡಾಕ್ಟರು ನಮ್ಮ ಕರಪತ್ರವನ್ನು ಕೈಯಲ್ಲಿ ತೆಗೆದುಕೊಳ್ಳಲಿಲ್ಲ.

ಅಜ್ಜಿ ಕಾಲದಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇದೆ. ಅವರಿಗೆಲ್ಲ ಏನಾಯಿತು?

ಕೆಲವರಿಗೆ ಏನೂ ಆಗಲಿಲ್ಲ. ಕೆಲವರ ಕೆನ್ನೆಯ ಹುಣ್ಣಿಗೆ ಆಗ ಹೆಸರಿರಲಿಲ್ಲ. ಹೊಸದುರ್ಗ ತಾಲೂಕಿನ ಕರಾವಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವರಿದ್ದರು, ನೆಂಟರು ಬಂದರೆ ಎಲೆ ತಟ್ಟೆಯಲ್ಲಿ ಅದೂ ಇರಬೇಕಿತ್ತು. ಮದುವೆ ಮನೆಯ ತಟ್ಟೆಯಿಂದ ಹೊಗೆಸೊಪ್ಪನ್ನು ತೆಗೆಯಿರಿ ಎಂದು ಯಾವ ಕಾನೂನೂ ಹೇಳಲಾರದು. ಅದನ್ನು ಮನೆಯವರೇ ಮಾಡಬೇಕು.

ಜಾಥಾ, ಬೀದಿ ನಾಟಕ, ಪ್ರತಿಜ್ಞೆ ಮಾಡಿದರೆ ಸಾಲದೇ?

ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಮಾಡುತ್ತೇವೆ. ಮಕ್ಕಳು ಚಿತ್ರ ಬರೆಯುತ್ತಾರೆ, ಅತಿಥಿಗಳು ಲಡ್ಡು ತಿಂದು ಹೋಗುತ್ತಾರೆ. ತಪ್ಪೇನಿಲ್ಲ. ಆದರೆ 2009-10 ಮತ್ತು 2016-17ರ ರಾಷ್ಟ್ರೀಯ ಸಮೀಕ್ಷೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಕೇರಳದಲ್ಲಿ ತಂಬಾಕು ಬಳಸುವ ವಯಸ್ಕರು ಶೇ 21.4ರಿಂದ 12.7ಕ್ಕೆ ಇಳಿದರು, ಕರ್ನಾಟಕದಲ್ಲಿ ಶೇ 28.2ರಿಂದ 22.8ಕ್ಕೆ. 2016-17ರಲ್ಲಿ ದೇಶದ ಲೆಕ್ಕ ಶೇ 28.6, ಅಂದರೆ ಸುಮಾರು 26.7 ಕೋಟಿ ಜನ. ವರ್ಷಕ್ಕೆ ಹದಿಮೂರೂವರೆ ಲಕ್ಷದಷ್ಟು ಸಾವು. ಆ ಏಳು ವರ್ಷದ ನಡುವೆ ಗುಟ್ಕಾ ನಿಷೇಧ ಬಂತು, ಪ್ಯಾಕೆಟ್ ಮೇಲಿನ ಚಿತ್ರ ಶೇ 85ಕ್ಕೆ ಏರಿತು, ಬೆಲೆಯೂ ಏರಿತು. ಇಳಿಕೆಯಲ್ಲಿ ಇವುಗಳ ಪಾಲು ಲಡ್ಡುವಿಗಿಂತ ದೊಡ್ಡದು ಎಂದೇ ನನ್ನ ಲೆಕ್ಕ.

ಸರಿ, ನಾನು ಏನು ಮಾಡಬೇಕು?

ಮೊದಲು ‘ತಂಬಾಕು ನಿಷೇಧಿಸಿ’ ಎಂದು ಬರೆಯುವುದನ್ನು ಬಿಡಿ. ಆ ಪತ್ರ ಓದಿದ ಗುಮಾಸ್ತನಿಗೆ ಅದನ್ನು ಯಾವ ಫೈಲಿಗೆ ಹಾಕಬೇಕೆಂದೇ ತಿಳಿಯುವುದಿಲ್ಲ. ‘21ನೇ ಮತ್ತು 24ನೇ ಸೆಕ್ಷನ್‌ಗಳಲ್ಲಿರುವ ಇನ್ನೂರು ರೂಪಾಯಿಯನ್ನು ಎರಡು ಸಾವಿರ ಮಾಡಿ’ ಎಂದು ಬರೆಯಿರಿ. ಅದಕ್ಕೆ ಫೈಲು ಇದೆ.

ಆಮೇಲೆ ನಿಮ್ಮೂರಿನ ಪುರಾವೆ ಬೇಕು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ನಿಮ್ಮ ಪೊಲೀಸ್ ಠಾಣೆಯಲ್ಲಿ ಕಳೆದ ಮೂರು ವರ್ಷ ಕೋಟ್ಪಾದ ಯಾವ ಸೆಕ್ಷನ್ ಅಡಿ ಎಷ್ಟು ಕೇಸು, ಎಷ್ಟು ದಂಡ? ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಮಗೆ ಒಂದು ಕಡೆಯಿಂದ ಮೂರು ಸಾಲಿನ ಉತ್ತರ ಬಂತು, ಶಾಲೆಯ ಹತ್ತಿರದ ಮಾರಾಟಕ್ಕೆ ಸಂಬಂಧಿಸಿದ ಕಾಲಂನಲ್ಲಿ ಒಂದು ಗೆರೆ ಎಳೆದಿದ್ದರು. ಆ ಗೆರೆಯ ಪ್ರತಿಯನ್ನು ನಾವು ಎಲ್ಲ ಸಭೆಗೂ ಒಯ್ಯುತ್ತೇವೆ.

ನೂರು ಗಜವನ್ನು ನೀವೇ ಅಳೆಯಬಹುದು, ಸುಮಾರು 91 ಮೀಟರ್. ಒಂದು ಶಾಲೆಯ ಡ್ರಿಲ್ ಮಾಸ್ಟರು ಸ್ಪೋರ್ಟ್ಸ್ ಡೇಯ ಟೇಪು ತಂದರು, ಇಬ್ಬರು ಮಕ್ಕಳು ತುದಿ ಹಿಡಿದರು. ಅಂಗಡಿಯವರು ‘ರಸ್ತೆಯಲ್ಲಿ ಬಂದರೆ ನೂರೈವತ್ತು ಗಜ ಆಗ್ತದೆ ಸ್ವಾಮೀ’ ಎಂದರು. ನಿಯಮದಲ್ಲಿ ರಸ್ತೆಯ ಮಾತಿಲ್ಲ. ಶಾಲೆಯ ಕಾಂಪೌಂಡಿನ ಹೊರಗೋಡೆಯಿಂದ ನೇರವಾಗಿ ಸುತ್ತಲೂ ಅಳೆಯಬೇಕು. ಗದ್ದೆಯ ಮೇಲೆ ಟೇಪು ಎಳೆದರೆ ಅರವತ್ತೆರಡು ಮೀಟರಿಗೇ ಅಂಗಡಿ ಸಿಕ್ಕಿತು. ಅಂದಹಾಗೆ, ಶಾಲೆಯ ಆವರಣದಲ್ಲಿ ಸೇದುವವರಿಗೆ ದಂಡ ಹಾಕುವ ಅಧಿಕಾರ 2008ರ ನಿಯಮದಂತೆ ಹೆಡ್‌ಮಾಸ್ಟರಿಗೇ ಇದೆ. ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಗೊತ್ತಿರುವವರಿಗೆ ರಶೀದಿ ಪುಸ್ತಕ ಇಲ್ಲ.

ಮೂರನೆಯದು ಗ್ರಾಮಸಭೆ. ಕೇರಳದಲ್ಲಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಅಲ್ಲಿ ಒಂದು ನಿರ್ಣಯ ಪಾಸು ಮಾಡಿಸಿ, ಪ್ರತಿಯನ್ನು ಸಂಸದರಿಗೂ ಆರೋಗ್ಯ ಸಚಿವಾಲಯಕ್ಕೂ ಕಳಿಸಿ. ನೂರು ಜನರ ಸಹಿಗಿಂತ ಒಂದು ಪಂಚಾಯತಿನ ಸೀಲಿಗೆ ತೂಕ ಹೆಚ್ಚು.

ಕನ್ನಡದಲ್ಲಿ ಬರೆದರೆ ಓದುತ್ತಾರಾ?

ಓದಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಾನು ಮೊದಲ ಸಲ ಕನ್ನಡದಲ್ಲಿ ಕೊಟ್ಟ ಅರ್ಜಿಯನ್ನು ಕಚೇರಿಯೊಂದರಲ್ಲಿ ತಿರುವಿ ನೋಡಿ, ಮಲಯಾಳದಲ್ಲಿ ಬರೆದು ತನ್ನಿ ಎಂದು ಹಿಂದಿರುಗಿಸಿದರು. ಎರಡನೇ ಸಲ ಕಾಯಿದೆಯ ಹೆಸರನ್ನು ಅರ್ಜಿಯ ಮೇಲ್ತುದಿಯಲ್ಲೇ ಬರೆದು ಕೊಟ್ಟೆ, ಸೀಲು ಬಿತ್ತು. ದೆಹಲಿಗೆ ಕಳಿಸುವಾಗ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯ ಅನುವಾದ ಜೊತೆಗಿಡಿ, ಹಠ ಬೇಡ.

‘ಇಲ್ಲಿ ಧೂಮಪಾನ ಅಪರಾಧ’ ಎನ್ನುವ ಬೋರ್ಡು ಕನ್ನಡದಲ್ಲೂ ಇರಲಿ ಎಂದು ಕೇಳುವುದೂ ನಮ್ಮ ಅಭಿಯಾನದ ಭಾಗ. ಅಳತೆ 60 ಸೆಂಟಿಮೀಟರಿಗೆ 30. ಓದಲು ಬಾರದ ಬೋರ್ಡಿನ ಕೆಳಗೆ ನಿಂತು ಬೀಡಿ ಹಚ್ಚಿದ ಅಜ್ಜನಿಗೆ ಯಾವ ಮುಖ ಇಟ್ಟುಕೊಂಡು ದಂಡ ಹಾಕುತ್ತೀರಿ?

ಸಂಸದರನ್ನು ಕಂಡರೆ ಏನು ಪ್ರಯೋಜನ?

ಖಾಸಗಿ ಮಸೂದೆ ಮಂಡಿಸಿ ಎಂದು ಕೇಳುವವರಿದ್ದಾರೆ. 1970ರ ನಂತರ ಎರಡೂ ಸದನದಲ್ಲಿ ಪಾಸಾದ ಖಾಸಗಿ ಮಸೂದೆ ಒಂದೂ ಇಲ್ಲ ಎಂಬುದು ನೆನಪಿರಲಿ. ಆದರೂ ಕೇಳಿ. ಅದರಿಂದ ಚರ್ಚೆ ದಾಖಲೆಗೆ ಹೋಗುತ್ತದೆ, ಸಚಿವರು ಎದ್ದು ನಿಂತು ಏನಾದರೂ ಹೇಳಲೇಬೇಕಾಗುತ್ತದೆ. ಇನ್ನೂ ಸುಲಭದ್ದು ಲಿಖಿತ ಪ್ರಶ್ನೆ: 2020ರ ಕರಡು ಈಗ ಎಲ್ಲಿದೆ?

ಭೇಟಿಗೆ ಹತ್ತು ನಿಮಿಷ ಸಿಗುತ್ತದೆ, ಅದರಲ್ಲಿ ನಾಲ್ಕು ನಿಮಿಷ ಫೋನಿಗೆ ಹೋಗುತ್ತದೆ. ಒಂದೇ ಹಾಳೆ ಕೊಡಿ. ಮೂವರೇ ಹೋಗಿ: ಒಬ್ಬ ಡಾಕ್ಟರು, ಒಬ್ಬ ಬೀಡಿ ಕಾರ್ಮಿಕೆ, ಒಬ್ಬ ಪಂಚಾಯತ್ ಸದಸ್ಯ. ಹದಿನೈದು ಜನ ಹೋಗಿ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡು ಬಂದ ಸಲ ನಾವು ಹಾಳೆ ಕೊಡುವುದನ್ನೇ ಮರೆತಿದ್ದೆವು.

ಕಂಪನಿಗಳು ಸುಮ್ಮನಿರುತ್ತವಾ?

ಇಲ್ಲ. ಶೇ 85ರ ಚಿತ್ರದ ಕತೆ ಕೇಳಿ. 2014ರಲ್ಲಿ ನಿಯಮ ಬಂತು, 2015ರ ಏಪ್ರಿಲ್‌ಗೆ ಜಾರಿಯಾಗಬೇಕಿತ್ತು. ಸಂಸದೀಯ ಸಮಿತಿಯೊಂದು ತಡೆಹಿಡಿಯಿತು. ಸಮಿತಿಯ ಅಧ್ಯಕ್ಷರು ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಭಾರತದ ಅಧ್ಯಯನ ಎಲ್ಲಿದೆ ಎಂದು ಕೇಳಿದರು. ಸಮಿತಿಯ ಒಬ್ಬ ಸದಸ್ಯರು ಸ್ವತಃ ಬೀಡಿ ಉದ್ಯಮಿ. ದೇಶದಲ್ಲಿ ಗದ್ದಲವಾಯಿತು, 2016ರ ಏಪ್ರಿಲ್ 1ಕ್ಕೆ ಚಿತ್ರ ಬಂತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ನಿಯಮ ರದ್ದು ಮಾಡಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಒಂದು ಚಿತ್ರದ ಅಳತೆಗಾಗಿ ನಾಲ್ಕು ವರ್ಷ.

ಒಡಂಬಡಿಕೆಯ 5.3ನೇ ವಿಧಿ ತಂಬಾಕು ನೀತಿಯನ್ನು ಉದ್ಯಮದ ಹಿತಾಸಕ್ತಿಯಿಂದ ಕಾಪಾಡಿ ಎನ್ನುತ್ತದೆ. ನಮ್ಮ ಮಟ್ಟದಲ್ಲಿ ಅದರ ಅರ್ಥ ಇಷ್ಟೇ: ಶಾಲೆಗೆ ಬೆಂಚು, ಕ್ಲಬ್ಬಿಗೆ ಜೆರ್ಸಿ, ಯಕ್ಷಗಾನಕ್ಕೆ ಪ್ರಾಯೋಜಕತ್ವ ಎಂದು ಪಾನ್ ಮಸಾಲಾದ ಹೆಸರಿನಲ್ಲಿ ಯಾರಾದರೂ ಬಂದರೆ ಆ ಹೆಸರನ್ನು ಬರೆದಿಟ್ಟುಕೊಳ್ಳಿ, ಹಣ ತೆಗೆದುಕೊಳ್ಳಬೇಡಿ.

ಗುಟ್ಕಾ ನಿಷೇಧ ಆಗಿ ಎಷ್ಟೋ ವರ್ಷ ಆಯಿತು, ಆದರೂ ಸಿಗುತ್ತದಲ್ಲ?

ಕೇರಳದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ. ಆಹಾರದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎನ್ನುವ 2011ರ ಆಹಾರ ಸುರಕ್ಷಾ ನಿಯಮದ ಬಲದಿಂದ. ತಯಾರಕರು ಏನು ಮಾಡಿದರು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಒಟ್ಟಿಗೆ ಅಂಗೈಗೆ ಸುರಿದುಕೊಂಡರೆ ಗುಟ್ಕಾ ತಯಾರು. ಕಾನೂನಿನ ಪದಗಳನ್ನು ಎಷ್ಟು ಜಾಗ್ರತೆಯಿಂದ ಬರೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಪಾಠ ಬೇಡ.

ವೇಪ್, ಅಂದರೆ ಇ-ಸಿಗರೇಟು?

2019ರಿಂದ ದೇಶದಾದ್ಯಂತ ನಿಷೇಧ. ಮಾರಿದರೆ ಮೊದಲ ಸಲಕ್ಕೇ ಒಂದು ವರ್ಷದ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಕ್ಯಾನ್ಸರ್ ಬಂದವರನ್ನು ವೇದಿಕೆಗೆ ಕರೆತರುವುದು ಕ್ರೌರ್ಯ ಅಲ್ಲವಾ?

ಅವರಿಗೆ ಬರಲು ಮನಸ್ಸಿಲ್ಲದಿದ್ದರೆ ಕ್ರೌರ್ಯವೇ. ಮಧ್ಯಪ್ರದೇಶದ ಸುನೀತಾ ತೋಮರ್ ಎಂಬ ಇಪ್ಪತ್ತೆಂಟರ ಹೆಂಗಸು, ಬಾಯಿ ಕ್ಯಾನ್ಸರ್ ಬಂದ ಮೇಲೆ ಸರಕಾರಿ ಜಾಹೀರಾತಿನಲ್ಲಿ ತಾನೇ ಮುಖ ತೋರಿಸಿದರು. ಮೇಲೆ ಹೇಳಿದ ಚಿತ್ರದ ನಿಯಮ ನಿಂತುಹೋದಾಗ ಪ್ರಧಾನಿಗೆ ಪತ್ರ ಬರೆದರು, 2015ರ ಏಪ್ರಿಲ್ 1ರಂದು ತೀರಿಕೊಂಡರು. ಅದು ಅವರ ಆಯ್ಕೆ. ನಮ್ಮಲ್ಲಿ ಒಂದು ನಿಯಮ ಇದೆ: ರೋಗಿಯ ಫೋಟೋ ಅವರ ಮನೆಯವರು ನೋಡಿ ಒಪ್ಪದೆ ಎಲ್ಲೂ ಹೋಗಬಾರದು, ಒಪ್ಪಿಗೆಯನ್ನು ನಾಳೆ ಹಿಂದೆ ತೆಗೆದುಕೊಂಡರೆ ಕಾರಣ ಕೇಳಬಾರದು. ಧ್ವನಿಪೆಟ್ಟಿಗೆ ತೆಗೆಸಿಕೊಂಡ ಹಿರಿಯರೊಬ್ಬರು ನಮ್ಮ ಜೊತೆ ಬರುತ್ತಿದ್ದರು, ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಒಂದು ದಿನ ಸ್ಲೇಟಿನಲ್ಲಿ ‘ಸಾಕು’ ಎಂದು ಬರೆದರು. ಆಮೇಲೆ ಕರೆಯಲಿಲ್ಲ.

ಹಣ ಎಲ್ಲಿಂದ?

ಜನ ಕೊಟ್ಟದ್ದು, ರಶೀದಿ ಇದೆ. ವಿದೇಶಿ ಹಣ ಮುಟ್ಟಿಲ್ಲ. ಅದಕ್ಕೆ ಬೇಕಾದ ನೋಂದಣಿ ನಮಗಿಲ್ಲ, ಆ ತಲೆನೋವೂ ಬೇಡ.

ನಾನೇ ಸೇದುತ್ತೇನೆ. ಸೇರಬಹುದಾ?

ಧಾರಾಳವಾಗಿ. ನಮ್ಮಲ್ಲಿ ಇಬ್ಬರು ಇನ್ನೂ ಬಿಟ್ಟಿಲ್ಲ. ಒಬ್ಬರು ಮೂರು ಸಲ ಬಿಟ್ಟಿದ್ದಾರೆ. ಅವರು ಅಂಗಡಿಯವರ ಜೊತೆ ಮಾತಾಡುವ ಧಾಟಿ ನನಗೆ ಬರುವುದಿಲ್ಲ, ಯಾವ ಡಬ್ಬಿಯ ಹಿಂದೆ ಏನಿದೆ ಎಂದು ಅವರಿಗೆ ಗೊತ್ತು. ಬಿಡುವ ಮನಸ್ಸಿದ್ದರೆ ಪ್ಯಾಕೆಟ್ ಮೇಲೆಯೇ ಇರುವ 1800-11-2356ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಒಂದೇ ಷರತ್ತು: ಸಹಿ ಪುಸ್ತಕ ಕೈಯಲ್ಲಿರುವಾಗ ಬೀಡಿ ಬಾಯಲ್ಲಿರಬಾರದು. ಕುಂಬಳೆಯ ಒಂದು ಮನೆಯ ಅಜ್ಜಿ ಅದನ್ನು ನೋಡಿ ನಮ್ಮ ಪೆನ್ನನ್ನೇ ಕಿತ್ತಿಟ್ಟುಕೊಂಡಿದ್ದಾರೆ, ಇನ್ನೂ ವಾಪಸು ಕೊಟ್ಟಿಲ್ಲ.